ನಾರ್ವೆಯವರು ನಗುವಿಗೆ ಬಿಟ್ಟ ಜಾಗ

ನಾರ್ವೆ ಅಂತ ಒಂದು ದೇಶ ಇದೆ ಎಂದು ನನಗೆ ತಿಳಿದದ್ದು ಮಲೇಷಿಯಾದ ಪುಚೊಂಗಿನಲ್ಲಿ, ಮಗಳ ಮನೆಯ ಹನ್ನೊಂದನೆಯ ಮಹಡಿಯಲ್ಲಿ, ನನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಯಾರಾದರೂ ಆ ಹೆಸರು ಹೇಳಿದ್ದರೆ ಯಾವುದೋ ಮಾತ್ರೆಯ ಹೆಸರು ಅಂದುಕೊಳ್ಳುತ್ತಿದ್ದೆ.

ಎರಡು ತಿಂಗಳು ಇದ್ದು ಹೋಗಲು ಬಂದವಳು ನಾನು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನ ನಿಂತಿತು, ಊರೆಲ್ಲ ಬಾಗಿಲು ಹಾಕಿತು. ತೆರೆಯಿತು ಅನ್ನುವಷ್ಟರಲ್ಲಿ ಮತ್ತೆ ಹಾಕಿತು. ಎರಡನೆಯ ವರ್ಷಕ್ಕೆ ಬಿದ್ದಾಗ ನಾನು ದಿನ ಎಣಿಸುವುದನ್ನು ಬಿಟ್ಟೆ. ಅಲ್ಲಿ ದಿನಗಳಿಗೆ ಗುರುತೇ ಇಲ್ಲ. ಬೇಸಿಗೆ, ಚಳಿ ಅಂತ ಬೇರೆ ಬೇರೆ ಇಲ್ಲ. ಬೆಳಿಗ್ಗೆ ಸೆಕೆ, ಮಧ್ಯಾಹ್ನ ಸೆಕೆ, ನಾಲ್ಕು ಗಂಟೆಗೆ ಕೊಡ ಬೋರಲು ಹಾಕಿದ ಹಾಗೆ ಮಳೆ, ಮತ್ತೆ ಸೆಕೆ. ಲಿಫ್ಟು ತಾನೇ ಮೇಲೆ ಬರುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ, ಹೋಗುತ್ತಿತ್ತು. ಕೆಳಗೆ ಈಜುಕೊಳದ ನೀರು ಎಲೆ ಬಿದ್ದು ಬಿದ್ದು ಹಸಿರಾಗಿತ್ತು. ನಾನು ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರು ಬ್ಲಾಕಿನ ಬಾಲ್ಕನಿಗಳನ್ನು ನೋಡುತ್ತ ಕೂತಿರುತ್ತಿದ್ದೆ. ಅಲ್ಲಿಯವರು ನಮ್ಮನ್ನು ನೋಡುತ್ತ ಕೂತಿರುತ್ತಿದ್ದರು. ಯಾರು ಆಟ ಆಡುವವರು, ಯಾರು ನೋಡುವವರು, ಹೇಳುವ ಹಾಗಿರಲಿಲ್ಲ.

ಮಗಳು, ಅಳಿಯ ಇಬ್ಬರೂ ಇಡೀ ದಿನ ಕಂಪ್ಯೂಟರಿನ ಮುಂದೆ ಕೂತು ಆಫೀಸಿನವರ ಜೊತೆ ಮಾತಾಡುತ್ತಿದ್ದರು. ಮೊಮ್ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿ. ಅಲ್ಲಿಯದೇ ಒಂದು ಯೂನಿವರ್ಸಿಟಿಯಲ್ಲಿ ಸಿನಿಮಾ ಓದುತ್ತಿದ್ದಳು, ಕೊನೆಯ ವರ್ಷ. ಸಿನಿಮಾ ನೋಡುವುದಕ್ಕೆ ಓದು ಯಾಕೆ ಎಂದು ನಾನು ಕೇಳಿದ್ದಕ್ಕೆ ಒಂದು ವಾರ ನನ್ನ ಮುಖ ನೋಡಿರಲಿಲ್ಲ. ಅದು ರೋಗ ಬರುವುದಕ್ಕೆ ಮುಂಚಿನ ಮಾತು. ಈಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಂದು ದಿನ ಬೆಂಡೆಕಾಯಿ ಹೆಚ್ಚುತ್ತ ಮಗಳು ಹೇಳಿದಳು:

"ಅಮ್ಮಾ, ಅವಳು ಕಾಲೇಜು ಬಿಡ್ತಾಳಂತೆ."

"ಯಾಕಂತೆ?"

"ಒಂದು ಪೇಪರ್‌ನಲ್ಲಿ ಫೇಲ್ ಆಗಿದಾಳೆ. ಇನ್ನೊಂದ್ಸಲ ಬರೆದು ಕೊಡ್ಬೇಕು. ಆಗ್ಲೂ ಫೇಲಾದ್ರೆ ಅವರೇ ತೆಗೀತಾರೆ. ಅವರು ತೆಗೆಯೋಕ್ ಮುಂಚೆ ನಾನೇ ಬಿಡ್ತೀನಿ ಅಂತಾಳೆ."

"ಬಿಟ್ಟು ಏನ್ಮಾಡ್ತಾಳೆ?"

"ಮಲಗ್ತಾಳೆ, ಇನ್ನೇನು. ಈಗ್ಲೂ ಅದೇ ತಾನೆ ಮಾಡ್ತಿರೋದು." ಮಗಳು ಚಾಕು ಕೆಳಗಿಟ್ಟಳು. "ನಂಗೆ ಭಯ ಆಗತ್ತಮ್ಮ. ಆ ಕೋಣೆಯಿಂದ ಅವಳು ಆಚೆಗೇ ಬರಲ್ವೇನೋ ಅನ್ಸತ್ತೆ. ನೀನಾದ್ರೂ ಒಂದ್ಸಲ ಮಾತಾಡ್ಸು."

"ನನ್ನ ಮಾತು ಅವಳಿಗೆ ಗೊತ್ತಾಗತ್ತೆ, ಅವಳ ಇಂಗ್ಲಿಷು ನಂಗಾಗಲ್ಲ. ಏನ್ ಮಾತಾಡ್ಸೋದು?"

ಆದರೂ ಊಟದ ತಟ್ಟೆ ತಗೊಂಡು ನಾನೇ ಹೋದೆ. ಕೋಣೆಯಲ್ಲಿ ಕರ್ಟನ್ ಎಳೆದು ಕತ್ತಲೆ. ಹುಡುಗಿ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ತೊಡೆಯ ಮೇಲಿದ್ದ ಕಂಪ್ಯೂಟರಿನಲ್ಲಿ ಬಣ್ಣವಿಲ್ಲದ ಸಿನಿಮಾ ಓಡುತ್ತಿತ್ತು. ಟೋಪಿ ಹಾಕಿದ ಗಂಡಸರು, ಕಿಟಕಿಯ ಆಚೆ ಹಿಮ.

"ಏನದು? ತೋರ್ಸು."

"ಯೂ ವೋಂಟ್ ಅಂಡರ್‌ಸ್ಟ್ಯಾಂಡ್, ಅಜ್ಜಿ."

"ನಿಂಗೆ ಅರ್ಥ ಆಗಿದ್ಯಾ?"

ಹುಡುಗಿ ಕಂಪ್ಯೂಟರಿನ ಕಡೆ ತಿರುಗಿದಳು.

"ಮತ್ತೆ? ಇಬ್ರೂ ಒಂದೇ. ಆ ಕಡೆ ಸರಕೋ."

ಹಾಗೆ ನಾನು ನಾರ್ವೆಯ ಸಿನಿಮಾ ನೋಡಲು ಕೂತೆ. ಅವಳ ಮೇಷ್ಟ್ರು ಚಿಕ್ಕ ಚಿಕ್ಕ ದೇಶಗಳ ಹೆಸರು ಬರೆದು ಚೀಟಿ ಹಾಕಿದ್ದರಂತೆ. ಇವಳ ಪಾಲಿಗೆ ನಾರ್ವೆ, ಅದರಲ್ಲೂ ಅರವತ್ತು ಎಪ್ಪತ್ತು ವರ್ಷದ ಹಿಂದಿನ ನಗೆ ಸಿನಿಮಾಗಳು ಬಂದವು. ಇವಳು ಬರೆದು ಕೊಟ್ಟದ್ದನ್ನು ಮೇಷ್ಟ್ರು ವಾಪಸು ಕಳಿಸಿದ್ದರು. ಕತೆಯನ್ನೆಲ್ಲ ಹೇಳಿದ್ದೀಯ, ಜನ ಯಾಕೆ ನಕ್ಕರು ಅಂತ ಒಂದು ಕಡೆಯೂ ಹೇಳಿಲ್ಲ ಅಂದಿದ್ದರು. ಇವಳು ಹೇಗೆ ಹೇಳಿಯಾಳು? ಹತ್ತು ಸಿನಿಮಾ ನೋಡಿ ಒಂದು ಸಲವೂ ನಕ್ಕಿರಲಿಲ್ಲ.

ನನಗೆ ಕನ್ನಡವನ್ನೇ ಅಕ್ಷರ ಕೂಡಿಸಿಕೊಂಡು ಓದಬೇಕು. ಸಿನಿಮಾದ ಕೆಳಗೆ ಬರುವ ಇಂಗ್ಲಿಷು ಇರುವೆ ಸಾಲು. ಅದಕ್ಕೆ ಹುಡುಗಿ ಓದಿ ನನಗೆ ಹೇಳಬೇಕಾಯಿತು. ಮೊದಲು ಇಂಗ್ಲಿಷಿನಲ್ಲೇ ಶುರು ಮಾಡಿದಳು. ನಾನು ಸುಮ್ಮನೆ ಅವಳ ಮುಖ ನೋಡುತ್ತ ಕೂತೆ. ಬೇರೆ ದಾರಿಯಿಲ್ಲದೆ ಕನ್ನಡಕ್ಕೆ ಇಳಿದಳು.

"ಈ ಥಿನ್ ಆಗಿರೋನು ಪೋಸ್ಟ್ ಆಫೀಸಲ್ಲಿ ವರ್ಕ್ ಮಾಡ್ತಾನೆ. ಆ ದಪ್ಪ ಅಂಕಲ್ ಟ್ರಾಮ್ ಓಡ್ಸೋದು. ಅದು ಅವನ ವೈಫ್. ಒಂದೇ ಮನೆ ಎರಡು ಫ್ಯಾಮಿಲಿಗೆ ಕೊಟ್ಟುಬಿಟ್ಟಿದಾರೆ."

"ಯಾರು ಕೊಟ್ಟಿದ್ದು?"

"ಗೌರ್ನಮೆಂಟ್. ಮಿಸ್ಟೇಕ್ ಆಗಿ."

ಯುದ್ಧ ಮುಗಿದ ಕಾಲ. ಆ ದೇಶದಲ್ಲಿ ಮನೆಗಳಿಗೆ ತತ್ವಾರ. ಎರಡು ಸಂಸಾರದವರೂ ಬಿಡುವುದಿಲ್ಲ. ಅಡುಗೆಮನೆಯ ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಒಲೆ ಸರಿಯಾಗಿ ಗೆರೆಯ ಮೇಲೆ ಇರುತ್ತದೆ. ಪೋಸ್ಟ್ ಆಫೀಸಿನ ಆ ಸಣಕಲು ಗುಮಾಸ್ತ ಬಹಳ ಮರ್ಯಾದಸ್ಥ. ಗೆರೆ ದಾಟಿ ಆ ಕಡೆಯ ನಲ್ಲಿಗೆ ಹೋಗಬೇಕಾದಾಗಲೆಲ್ಲ ಮೊದಲು ಗೂಟದಿಂದ ಟೋಪಿ ತೆಗೆದು ಹಾಕಿಕೊಳ್ಳುತ್ತಾನೆ. ಗೆರೆ ದಾಟಿದ ಮೇಲೆ ದಪ್ಪನವನ ಹೆಂಡತಿಗೆ ಟೋಪಿ ಎತ್ತಿ ನಮಸ್ಕಾರ ಹೇಳುತ್ತಾನೆ. ನೀರು ಹಿಡಿದುಕೊಂಡು ಈ ಕಡೆಗೆ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕುತ್ತಾನೆ. ಒಂದೇ ಅಡುಗೆಮನೆಯಲ್ಲಿ ಬೆಳಗಿನಿಂದ ಹತ್ತು ಸಲ.

"ಸೀ? ನಾಟ್ ಫನ್ನಿ," ಅಂದಳು ಹುಡುಗಿ.

ನನಗೂ ನಗು ಬರಲಿಲ್ಲ. ಆದರೆ ಇನ್ನೊಂದು ಕಣ್ಣಿಗೆ ಬಿತ್ತು.

"ಆ ದಪ್ಪನೋನು ಈಗ ಒಂದು ಮಾತು ಹೇಳಿದ್ನಲ್ಲ, ಅದನ್ನ ವಾಪಸ್ ತಿರುಗ್ಸು."

ತಿರುಗಿಸಿದಳು. ದಪ್ಪನವನು ಏನೋ ಅಂದ. ಅಂದವನು ಬಾಯಿ ಮುಚ್ಚಿ, ಕೋಟಿನ ಗುಂಡಿ ಮುಟ್ಟಿಕೊಂಡು, ಕಿಟಕಿಯ ಕಡೆ ಒಂದು ಸಲ ನೋಡಿ, ಆಮೇಲೆ ಮುಂದಿನ ಮಾತು ಆಡಿದ.

"ಇವನು ನಾಟಕದವನು ಕಣೇ."

"ಯಾರು?"

"ಆ ದಪ್ಪನೋನು. ನೋಡು, ಮಾತು ಮುಗಿಸಿ ನಿಂತಿದಾನೆ. ಜನ ನಗಲಿ ಅಂತ ಜಾಗ ಬಿಟ್ಟಿದಾನೆ. ಎದುರಿಗೆ ಜನ ಇಲ್ಲ, ಕ್ಯಾಮೆರಾ ಇದೆ. ಆದ್ರೂ ಅಭ್ಯಾಸ ಹೋಗಿಲ್ಲ."

ಹುಡುಗಿ ನನ್ನನ್ನು ಆ ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದಳು. "ಹೌ ಡು ಯೂ ನೋ, ಅಜ್ಜಿ?"

ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದೇನಲ್ಲ, ಯಾರೂ ಕೇಳಿರಲಿಲ್ಲ. ನನ್ನ ತಾಯಿ ಒಂದು ನಾಟಕ ಕಂಪನಿಯಲ್ಲಿ ಅಡುಗೆ ಮಾಡುತ್ತಿದ್ದಳು. ಕಂಪನಿ ಕ್ಯಾಂಪು ಹೋದಲ್ಲೆಲ್ಲ ನಾವೂ ಹೋಗುತ್ತಿದ್ದೆವು. ಒಂಬತ್ತನೆಯ ವಯಸ್ಸಿಗೆ ನನಗೂ ಕೆಲಸ ಕೊಟ್ಟರು. ಹೆಂಗಸರ ಕಡೆ ಚಾಪೆಯ ಮೇಲೆ ಕೂತು ನಗುವ ಕೆಲಸ. ಹಾಸ್ಯದವನು ಮಾತು ಹೇಳಿದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಾರಾದರೂ ಮೊದಲು ನಗಬೇಕಿತ್ತು. ಆ ಯಾರಾದರೂ ನಾನು. ಗಂಡಸರ ಕಡೆಗೆ ಡೇರೆ ಹೊಡೆಯುವ ಒಬ್ಬ ಮುದುಕ ಇದ್ದ.

ಅದಕ್ಕೆ ಒಂದು ಕ್ರಮ ಇತ್ತು. ಮಾತಿನ ಮೇಲೆ ನಗಬಾರದು, ಮಾತು ಮುಳುಗಿಹೋಗುತ್ತದೆ. ಮಾತು ಮುಗಿದ ಮೇಲೆ ಒಂದು ಉಸಿರು ಬಿಟ್ಟು ನಗಬೇಕು. ನಗು ತಡೆಯಲು ನೋಡಿ ಆಗದೆ ಬಂದ ಹಾಗೆ ಇರಬೇಕು. ಬೇರೆಯವರು ಹಿಡಿದುಕೊಂಡರು ಅನ್ನುವಾಗ ನಾನು ನಿಲ್ಲಿಸಿಬಿಡಬೇಕು. ಹಾಸ್ಯದವನು ಅಷ್ಟು ಹೊತ್ತು ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದ. ನಾನು ಬೇಗ ನಕ್ಕ ದಿನ ಪರದೆಯ ಹಿಂದೆ ಕರೆದು ತಲೆಗೆ ಮೊಟಕುತ್ತಿದ್ದ. ಐದು ವರ್ಷ ಆ ಕೆಲಸ ಮಾಡಿದೆ. ಒಂದೇ ಮಾತಿಗೆ ನೂರಾರು ಸಲ ನಕ್ಕಿದ್ದೇನೆ. ಒಂದು ಸಲವೂ ನಿಜವಾಗಿ ನಗು ಬಂದ ನೆನಪಿಲ್ಲ. ರೊಟ್ಟಿ ತಟ್ಟುವವಳಿಗೆ ಪ್ರತಿ ರೊಟ್ಟಿಗೂ ಹಸಿವಾಗುತ್ತದೆಯೇ?

ಹುಡುಗಿ ಕೇಳಿಸಿಕೊಂಡಳು. ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದಳು. ಆಮೇಲೆ ಸಿನಿಮಾವನ್ನು ಮೊದಲಿನಿಂದ ಹಾಕಿ, "ಎಲ್ಲೆಲ್ಲಿ ಜಾಗ ಬಿಟ್ಟಿದಾನೆ, ಹೇಳು," ಅಂದಳು.

ಆಮೇಲಿನ ದಿನಗಳು ನನಗೆ ಒಂದಕ್ಕೊಂದು ಬೆರೆತುಹೋಗಿವೆ. ಮಧ್ಯಾಹ್ನ ಊಟ ಆದ ಕೂಡಲೇ ಅವಳ ಕೋಣೆಗೆ ಹೋಗುವುದು, ಆ ಕತ್ತಲೆಯಲ್ಲಿ ಫ್ಯಾನಿನ ಗಾಳಿಗೆ ಕೂತು ಹಿಮ ನೋಡುವುದು. ಹೊರಗೆ ಮಳೆ ಸುರಿದರೆ ಅದು ಸಿನಿಮಾದ ಒಳಗೆ ಸುರಿದ ಹಾಗೆ ಕೇಳುತ್ತಿತ್ತು. ನಡುವೆ ನನಗೆ ಜೊಂಪು ಹತ್ತುತ್ತಿತ್ತು. ಕಣ್ಣು ಬಿಟ್ಟರೆ ಬೇರೆ ಸಿನಿಮಾ, ಅದೇ ಮುಖಗಳು. ಮನೆ ಬಾಡಿಗೆಗೆ ಕೊಡುವ ಗಯ್ಯಾಳಿಯಾಗಿದ್ದ ಹೆಂಗಸು ಇನ್ನೊಂದರಲ್ಲಿ ದೋಣಿಯವನ ಅತ್ತೆ. ಟ್ರಾಮಿನ ದಪ್ಪನವನು ಬೆಟ್ಟದ ಹೋಟೆಲಿನಲ್ಲಿ ಹಿಮದ ಮೇಲೆ ಜಾರುವ ಹಲಗೆ ಕಾಲಿಗೆ ಕಟ್ಟಿಕೊಂಡು ಬೀಳುತ್ತಿದ್ದ. ಬಹಳ ಚಿಕ್ಕ ದೇಶ, ಇದ್ದ ಹತ್ತಿಪ್ಪತ್ತು ಜನರೇ ಎಲ್ಲ ಪಾತ್ರಕ್ಕೂ ಬರಬೇಕು. ನಮ್ಮ ಕಂಪನಿಯಲ್ಲೂ ಹಾಗೇ. ನಿನ್ನೆ ಕೃಷ್ಣ ಆದವನು ಇವತ್ತು ಪೊಲೀಸು. ಅವರನ್ನು ನೋಡುತ್ತ ನೋಡುತ್ತ ಅವರ ಮಾತು ನನಗೆ ಗೊತ್ತಿಲ್ಲ ಅನ್ನುವುದೇ ಮರೆತುಹೋಗುತ್ತಿತ್ತು. ಕನಸಿನಲ್ಲಿ ನನ್ನ ತಾಯಿ ಹಿಮದ ನಡುವೆ ಒಲೆ ಹೂಡಿ ಆ ದಪ್ಪನವನಿಗೆ ಮುದ್ದೆ ಬಡಿಸುತ್ತಿದ್ದಳು. ಅವನು ಟೋಪಿ ಎತ್ತುತ್ತಿದ್ದ.

ಹುಡುಗಿ ಹುಡುಕಿ ತೆಗೆದು ಹೇಳಿದಳು: ಅವರಲ್ಲಿ ಬಹಳ ಜನ ನಾಟಕದಿಂದಲೇ ಬಂದವರಂತೆ. ಸಾಯಂಕಾಲ ರಂಗದ ಮೇಲೆ ಆಟ, ಹಗಲು ಸಿನಿಮಾಕ್ಕೆ ದುಡಿತ. ನಿರ್ದೇಶನ ಮಾಡುವವರೂ ಅಲ್ಲಿಂದಲೇ ಬಂದವರು. ಒಂದೆರಡು ಸಿನಿಮಾ ತೆಗೆದವಳು ಹೆಂಗಸು, ಅವಳೂ ಮೊದಲು ರಂಗದ ಮೇಲೆ ಪಾತ್ರ ಮಾಡುತ್ತಿದ್ದಳಂತೆ. ಅವಳ ಸಿನಿಮಾದಲ್ಲಿ ಜಾಗ ಬಿಡುವುದು ಬಹಳ ಹದವಾಗಿತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳ ಆಟಕ್ಕೆ ಚಾಪೆಯ ಮೇಲೆ ನಾನು ಕೂತಿದ್ದರೆ ಮೊಟಕು ಬೀಳುತ್ತಿರಲಿಲ್ಲ ಅಂದುಕೊಂಡೆ. ನಾನು ಚಾಪೆಯ ಮೇಲೆ ನಗುತ್ತಿದ್ದ ಅದೇ ವರ್ಷಗಳಲ್ಲಿ, ಭೂಮಿಯ ಆ ತುದಿಯಲ್ಲಿ ಆ ಹೆಂಗಸು ಕ್ಯಾಮೆರಾದ ಪಕ್ಕ ನಿಂತು, ಇನ್ನೂ ಬಾರದ ನಗುವಿಗೆ ಜಾಗ ಅಳೆಯುತ್ತಿದ್ದಳು.

ಗುಮಾಸ್ತನ ಸಿನಿಮಾದ ಅಡುಗೆಮನೆಯ ಭಾಗದಲ್ಲಿ ಅಂಥ ಹನ್ನೊಂದು ಜಾಗ ಸಿಕ್ಕವು. ಹುಡುಗಿ ಎಲ್ಲವನ್ನೂ ನಿಮಿಷ, ಸೆಕೆಂಡು ಹಾಕಿ ಬರೆದುಕೊಂಡಳು. ಬರೆದು ಮೇಷ್ಟ್ರಿಗೆ ಕಳಿಸಿದಳು. ಮೇಷ್ಟ್ರು ಕಂಪ್ಯೂಟರಿನಲ್ಲೇ ಕರೆದರು. ಚೀನೀಯರ ಪೈಕಿ, ಕನ್ನಡಕದ ಮನುಷ್ಯ, ಹಿಂದೆ ಪುಸ್ತಕದ ಗೋಡೆ. ಹತ್ತು ನಿಮಿಷ ಮಾತಾಡಿ ಹೋದರು. ಹುಡುಗಿಯ ಮುಖ ಬಾಡಿತ್ತು.

"ಏನಂದ್ರು?"

"ಐಡಿಯಾ ಚೆನ್ನಾಗಿದೆ ಅಂದ್ರು. ಬಟ್ ಪ್ರೂಫ್ ಎಲ್ಲಿ ಅಂತ ಕೇಳಿದ್ರು. ನಿಮ್ಮ ಅಜ್ಜಿ ಹೇಳಿದ್ರೆ ಸಾಲದು. ಜನಕ್ಕೆ ತೋರ್ಸು, ಜನ ಎಲ್ಲಿ ನಗ್ತಾರೆ ನೋಡಿ ಬರಿ ಅಂದ್ರು. ಫ್ರೈಡೇ ಲಾಸ್ಟ್ ಡೇಟ್." ಕಂಪ್ಯೂಟರನ್ನು ಟಪ್ಪನೆ ಮುಚ್ಚಿದಳು. "ಜನ! ಈ ಲಾಕ್‌ಡೌನಲ್ಲಿ ಜನ ಎಲ್ಲಿಂದ ತರ್ಲಿ? ನಾನು ಬಿಟ್ಟುಬಿಡ್ತೀನಿ, ಅಜ್ಜಿ. ಸೀರಿಯಸ್ಲೀ."

ಅವಳನ್ನು ಕೈ ಹಿಡಿದು ಬಾಲ್ಕನಿಗೆ ಎಳೆದುಕೊಂಡು ಬಂದೆ. ಎದುರು ಬ್ಲಾಕಿನಲ್ಲಿ ಮಹಡಿ ಮಹಡಿಗೂ ಜನ. ಒಬ್ಬ ಬನಿಯನ್ನಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ, ಒಬ್ಬಳು ಬಟ್ಟೆ ಒಣಗಿಸುತ್ತಿದ್ದಳು, ಒಬ್ಬ ಚೀನೀ ಮುದುಕ ಕಂಬಿಗೆ ಗಲ್ಲ ಇಟ್ಟುಕೊಂಡು ಸುಮ್ಮನೆ ನಿಂತಿದ್ದ.

"ಅವರೇನು ಕುರಿಗಳಾ?" ಅಂದೆ.

ಎರಡು ಬ್ಲಾಕಿನ ತುದಿಗೆ ಕಾರು ನಿಲ್ಲಿಸುವ ಕಟ್ಟಡ. ಅದರ ಗೋಡೆಗೆ ಕಿಟಕಿಯಿಲ್ಲ, ಬಿಳಿ ಬಣ್ಣ, ಎಲ್ಲ ಬಾಲ್ಕನಿಗೂ ಕಾಣುತ್ತದೆ. ಪಕ್ಕದ ಮನೆಯವಳು ತಮಿಳು ಮುಸ್ಲಿಂ ಹೆಂಗಸು. ಅವಳ ಗಂಡನದು ಮಮಕ್ ಹೋಟೆಲು, ತಮಿಳು ಮುಸ್ಲಿಮರ ಹೋಟೆಲಿಗೆ ಅಲ್ಲಿ ಹಾಗನ್ನುತ್ತಾರೆ. ಜನ ಕೂತು ತಿನ್ನುವ ಹಾಗಿಲ್ಲ, ಕಟ್ಟಿಸಿಕೊಂಡು ಹೋಗಬೇಕು ಎಂದು ಕಟ್ಟಳೆ ಬಂದ ಮೇಲೆ, ಫುಟ್‌ಬಾಲ್ ತೋರಿಸುವ ಅವರ ಪ್ರೊಜೆಕ್ಟರು ಮನೆಯ ಮಂಚದ ಕೆಳಗೆ ಸೇರಿತ್ತು. ಕಂಪನಿಯಲ್ಲಿದ್ದ ತಮಿಳಿನವರಿಂದ ಕಲಿತ ತಮಿಳು ನನಗೆ ಸ್ವಲ್ಪ ಬರುತ್ತದೆ. ಬಾಲ್ಕನಿಯ ಅಡ್ಡಗೋಡೆಯಿಂದಲೇ ಕೇಳಿದೆ.

"ಪಾಟಿ, ಏನು ಸಿನಿಮಾ? ನಮ್ಮ ಹಳೇ ತಮಿಳು ಪಡಮಾ?" ಅಂದಳು ಅವಳು. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ.

"ಅಲ್ಲ. ನಾರ್ವೆ."

"ಅದೆಲ್ಲಿದೆ?"

"ನಂಗೂ ಗೊತ್ತಿಲ್ಲ. ಬರೀ ಹಿಮ."

"ಹಿಮಾನಾ? ಹಾಗಾದ್ರೆ ಹಾಕಿ ಲಾ, ಕಣ್ಣಿಗಾದ್ರೂ ತಂಪು." ಮಾತಿಗೊಂದು 'ಲಾ' ಸೇರಿಸುವುದು ಅಲ್ಲಿಯವರ ರೂಢಿ.

ಬಿಲ್ಡಿಂಗಿನವರ ಒಪ್ಪಿಗೆಯನ್ನು ಅಳಿಯ ಕೇಳಿದರು. ಅರ್ಧ ಗಂಟೆ ಮಾತ್ರ, ಯಾರೂ ಕೆಳಗೆ ಇಳಿಯಕೂಡದು, ಶಬ್ದ ಜೋರು ಮಾಡಕೂಡದು ಅಂದರು. ಬಾಲ್ಕನಿಯವರೆಲ್ಲ ಸೇರಿದ್ದ ಫೋನಿನ ಗುಂಪಿಗೆ ಮಗಳು ಸುದ್ದಿ ಹಾಕಿದಳು. ನಗೆಯ ಸಿನಿಮಾ, ಬುಧವಾರ ಏಳೂವರೆಗೆ, ಗೋಡೆಯ ಮೇಲೆ.

ಬುಧವಾರ ಮಳೆ ಬೇಗ ನಿಂತಿತು. ಮಸೀದಿಯ ಬಾಂಗು ಮುಗಿಯಿತು. ಕತ್ತಲಾಗುತ್ತಿದ್ದ ಹಾಗೆ ಪಕ್ಕದ ಮನೆಯ ಬಾಲ್ಕನಿಯಿಂದ ಬೆಳಕು ಹಾರಿತು. ಒದ್ದೆ ಗೋಡೆಯ ಮೇಲೆ ನಾಲ್ಕು ಮಹಡಿ ಎತ್ತರದ ಅಡುಗೆಮನೆ ಬಂದು ನಿಂತಿತು. ಅದರ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಕೆಳಗೆ ತೆಂಗಿನಗರಿಗಳಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಇಂಗ್ಲಿಷಿನ ಸಾಲು ಆ ಗರಿಗಳ ಮೇಲೆ ಬಿದ್ದು ಚೂರುಚೂರಾಗಿತ್ತು, ಯಾರಿಗೂ ಓದಲಾಗುತ್ತಿರಲಿಲ್ಲ. ಹಿಮ ಗೋಡೆಯಿಂದ ಇಳಿದು ಈಜುಕೊಳದ ಹಸಿರು ನೀರಿನೊಳಗೂ ಬೀಳುವುದು ಕಂಡಿತು. ಸೆಕೆಗೆ ನನ್ನ ಬೆನ್ನು ಬೆವರುತ್ತಿತ್ತು. ಬಾಲ್ಕನಿ ಬಾಲ್ಕನಿಗೂ ಜನ ಬಂದು ನಿಂತರು. ಅಷ್ಟು ಮುಖಗಳನ್ನು ಒಟ್ಟಿಗೆ ನೋಡಿ ವರ್ಷದ ಮೇಲಾಗಿತ್ತು. ಒಬ್ಬರಿಗೊಬ್ಬರು ಮುಟ್ಟದೆ, ಗೂಡಿಗೊಂದು ಪಾರಿವಾಳದ ಹಾಗೆ.

ಹುಡುಗಿ ನನ್ನ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಫೋನು, ನಗುವಿನ ಶಬ್ದ ಹಿಡಿಯಲು. ಇನ್ನೊಂದರಲ್ಲಿ ಹನ್ನೊಂದು ಜಾಗ ಬರೆದ ಹಾಳೆ.

ಮೊದಲನೆಯ ಜಾಗ ಬಂತು. ದಪ್ಪನವನು ಮಾತು ಹೇಳಿ ಗುಂಡಿ ಮುಟ್ಟಿಕೊಂಡು ನಿಂತ. ಯಾರೂ ನಗಲಿಲ್ಲ.

ಎರಡನೆಯದು. ಹೆಂಗಸು ಸೌಟು ಹಿಡಿದು ಏನೋ ಅಂದು, ಸೊಂಟಕ್ಕೆ ಕೈಯಿಟ್ಟು ಕಾದಳು. ಎಲ್ಲೋ ಒಂದು ಮಗು ಕೆಮ್ಮಿತು. ಅಷ್ಟೆ.

ಮೂರನೆಯದು. ಏನೂ ಇಲ್ಲ.

ಹುಡುಗಿ ಹಾಳೆ ಕೆಳಗಿಳಿಸಿದಳು. ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅಜ್ಜಿ, ನಗು."

ನಾನು ಗೋಡೆಯ ಕಡೆಯೇ ನೋಡುತ್ತಿದ್ದೆ.

"ಪ್ಲೀಸ್ ಅಜ್ಜಿ. ನೆಕ್ಸ್ಟ್ ಜಾಗ ಬರತ್ತೆ. ನೀನು ಒಂದ್ಸಲ ಶುರು ಮಾಡು. ಎಲ್ರೂ ನಗ್ತಾರೆ. ನಿಂಗೆ ಬರತ್ತಲ್ಲ."

ಬರುತ್ತಿತ್ತು. ಅದರಲ್ಲಿ ಸಂಶಯ ಬೇಡ. ಎಪ್ಪತ್ತಾರರಲ್ಲೂ ಗಂಟಲು ಎಲ್ಲಿ ತೆರೆಯಬೇಕೋ ಅಲ್ಲಿ ತೆರೆದು ನಿಂತಿತ್ತು. ನಾಲ್ಕನೆಯ ಜಾಗ ಬಂದಾಗ ಹೊಟ್ಟೆಯಿಂದ ಉಸಿರು ತಾನೇ ಎದ್ದಿತು. ನಾನು ಸೆರಗು ಬಾಯಿಗೆ ಒತ್ತಿ ಹಿಡಿದೆ. ನಾನು ನಕ್ಕರೆ ಎರಡು ಬ್ಲಾಕೂ ನಗುತ್ತಿದ್ದವು, ಇವಳು ಪಾಸಾಗುತ್ತಿದ್ದಳು. ಆಮೇಲೆ ಜೀವನಪೂರ್ತಿ ಅದು ಅಜ್ಜಿಯ ನಗು, ತನ್ನ ಓದಲ್ಲ ಅಂತ ಇವಳಿಗೆ ಗೊತ್ತಿರುತ್ತಿತ್ತು. ಇವಳನ್ನು ಕೋಣೆಯಿಂದ ಆಚೆ ತರುವುದು ಅಂದರೆ ಅದಲ್ಲ.

"ಆಗಲ್ಲ," ಅಂದೆ.

"ಯಾಕೆ?"

"ನಿನ್ನ ಮೇಷ್ಟ್ರು ಜನ ಎಲ್ಲಿ ನಗ್ತಾರೆ ಅಂತ ಕೇಳಿದ್ದು. ನಾನೆಲ್ಲಿ ನಗ್ತೀನಿ ಅಂತಲ್ಲ. ಸುಮ್ನೆ ನೋಡು."

ಅವಳು ಅತ್ತ ತಿರುಗಿ ನಿಂತಳು. ಅಳುತ್ತಿದ್ದಳೋ ಏನೋ, ನಾನು ನೋಡಲು ಹೋಗಲಿಲ್ಲ.

ಗೋಡೆಯ ಮೇಲೆ ಗುಮಾಸ್ತ ಮೊದಲ ಸಲ ಗೂಟದಿಂದ ಟೋಪಿ ತೆಗೆದ. ಹಾಕಿಕೊಂಡ. ಸೀಮೆಸುಣ್ಣದ ಗೆರೆ ದಾಟಿದ. ಟೋಪಿ ಎತ್ತಿದ.

ಎದುರು ಬ್ಲಾಕಿನ ಚೀನೀ ಮುದುಕ 'ಹಾ!' ಅಂದ. ಬಾಗಿಲು ಬಡಿದ ಹಾಗೆ ಒಂದೇ ಒಂದು ಶಬ್ದ. ಗುಮಾಸ್ತ ಕಾಯಲಿಲ್ಲ, ಅಲ್ಲಿ ಜಾಗವೇ ಬಿಟ್ಟಿರಲಿಲ್ಲ; ಅವನು ನೀರು ಹಿಡಿಯುತ್ತ ಮಾತು ಮುಂದುವರಿಸಿದ. ವಾಪಸು ಬಂದು ಟೋಪಿ ತೆಗೆದಾಗ ಮುದುಕ ಮತ್ತೆ ನಕ್ಕ, ಈ ಸಲ ಉದ್ದಕ್ಕೆ. ಅವನ ನಗು ಕೇಳಿ ಮೇಲಿನ ಮಹಡಿಯವಳು ನಕ್ಕಳು. ಮೂರನೆಯ ಸಲ ಗುಮಾಸ್ತ ಟೋಪಿಗೆ ಕೈ ಹಾಕುವುದಕ್ಕೆ ಮೊದಲೇ ಎರಡು ಬ್ಲಾಕೂ ನಗುತ್ತಿದ್ದವು. ಮನೆಯಲ್ಲೇ ಆಫೀಸು, ಮನೆಯಲ್ಲೇ ಶಾಲೆ, ಒಂದೇ ಕೋಣೆಯಲ್ಲಿ ಹತ್ತು ಸಲ ಎದುರಾಗಿ ಎದುರಾಗಿ ಸಾಕಾಗಿದ್ದ ಜನ. ಪಕ್ಕದ ಮನೆಯವಳು, "ನಮ್ಮೆಜಮಾನ್ರೂ ಹೀಗೇ ಪಾಟಿ, ಅಡುಗೆಮನೆಗೆ ಬಂದ್ರೆ ಕಸ್ಟಮರ್ ಥರ ನಿಂತಿರ್ತಾರೆ!" ಎಂದು ಕೂಗಿದಳು. ನಗುವಿನಲ್ಲಿ ಗುಮಾಸ್ತನ ಮಾತು ಪೂರ್ತಿ ಮುಳುಗಿಹೋಯಿತು. ಮುಳುಗಿದರೆ ಏನು, ಯಾರಿಗೆ ಅರ್ಥವಾಗುತ್ತಿತ್ತು?

ಹಾಳೆಯಲ್ಲಿ ಬರೆದ ಜಾಗಗಳು ಮಾತ್ರ ಒಂದೊಂದಾಗಿ ಖಾಲಿಯೇ ಬಂದು ಖಾಲಿಯೇ ಹೋದವು. ಹನ್ನೊಂದರಲ್ಲಿ ಒಂದಕ್ಕೆ ನಗು ಬಂತು. ಹೆಂಗಸು ಮಾತಾಡದೆ ಗಂಡನನ್ನು ಬರೀ ನೋಡಿದ ಜಾಗಕ್ಕೆ.

ಅರ್ಧ ಗಂಟೆ ಮುಗಿದು ಬೆಳಕು ಆರಿತು. ಗೋಡೆ ಮತ್ತೆ ಗೋಡೆಯಾಯಿತು. ಜನ ಬಾಲ್ಕನಿಗಳಿಂದ ಚಪ್ಪಾಳೆ ತಟ್ಟಿದರು. ಒಳಗೆ ಬಂದ ಮೇಲೆ ಹುಡುಗಿ ಹಾಳೆಯನ್ನು ಟೇಬಲಿನ ಮೇಲೆ ಇಟ್ಟಳು.

"ನೀನು ಹೇಳಿದ್ದು ರಾಂಗ್, ಅಜ್ಜಿ."

"ಹೌದು."

"ಆಲ್ಮೋಸ್ಟ್ ಎಲ್ಲಾ ರಾಂಗ್."

"ಹೌದು ಅಂದ್ನಲ್ಲ. ಎಷ್ಟು ಸಲ ಅನ್ನಿಸ್ತೀಯ?"

ನನಗೆ ಬೇಸರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಜಗತ್ತಿನಲ್ಲಿ ನನಗೆ ಚೆನ್ನಾಗಿ ಗೊತ್ತಿರುವುದು ಇದೊಂದೇ ಅಂದುಕೊಂಡಿದ್ದೆ. ಜಾಗ ಬಿಟ್ಟದ್ದು ನಿಜ. ಆದರೆ ಅವನು ಬಿಟ್ಟದ್ದು ಅವನ ಮಾತು ಬಲ್ಲವರಿಗೆ, ಅವನ ಊರಿನವರಿಗೆ. ನಮ್ಮ ಕಂಪನಿ ಕನ್ನಡದ ಊರುಗಳನ್ನು ಬಿಟ್ಟು ಆಚೆ ಆಟ ಆಡಿದ್ದು ಕಡಿಮೆ. ಈ ವ್ಯತ್ಯಾಸ ನನಗೆ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು. "ಈಗ ಏನ್ ಬರೀತೀಯ ಪುಟ್ಟಾ?" ಅಂತ ಹೆದರಿಕೊಂಡೇ ಕೇಳಿದಳು.

ಹುಡುಗಿ ಫೋನಿನಲ್ಲಿ ಹಿಡಿದ ನಗುವನ್ನು ಹಾಕಿ ಕೇಳುತ್ತಿದ್ದಳು. ಮುದುಕನ 'ಹಾ!' ಬಂದ ಕಡೆ ನಿಲ್ಲಿಸಿ, ತಿರುಗಿಸಿ, ಮತ್ತೆ ಕೇಳಿದಳು. ಹಾಳೆಯ ಹಿಂಬದಿಗೆ ಹೊಸದಾಗಿ ನಿಮಿಷ, ಸೆಕೆಂಡು ಬರೆಯತೊಡಗಿದಳು.

"ಆಗಿದ್ದು ಬರೀತೀನಿ," ಅಂದಳು. "ಅಜ್ಜಿ ರಾಂಗ್ ಅಂತ್ಲೂ ಬರೀತೀನಿ."

"ಬರಿ," ಅಂದೆ. "ಅದಕ್ಕೆ ನನ್ನ ಅಪ್ಪಣೆ ಬೇಕಾ?"

ಎರಡು ದಿನ ಅವಳ ಕೋಣೆಯ ಬಾಗಿಲು ತೆರೆದೇ ಇತ್ತು. ಮುಚ್ಚಲು ಪುರುಸೊತ್ತಿರಲಿಲ್ಲ. ಊಟದ ಟೇಬಲಿಗೆ ಬಂದು, ಅನ್ನ ಕಲಸುತ್ತ, ಅವರ ಜನಕ್ಕೆ ಮಾತಿನಲ್ಲಿ ನಗು, ನಮ್ಮ ಜನಕ್ಕೆ ಟೋಪಿಯಲ್ಲಿ ನಗು, ಯಾಕೆ ಎಂದು ಅಪ್ಪನ ಹತ್ತಿರ ವಾದ ಮಾಡುತ್ತಿದ್ದಳು. ನಾಲಿಗೆಗೆ ಕನ್ನಡ ಸಿಗದ ಕಡೆ ಕೈಯಲ್ಲಿ ಟೋಪಿ ಎತ್ತಿ ತೋರಿಸುತ್ತಿದ್ದಳು. ಶುಕ್ರವಾರ ಸಂಜೆ ಕಳಿಸಿದಳು.

ಮುಂದಿನ ವಾರ ಮೇಷ್ಟ್ರು ಮತ್ತೆ ಕಂಪ್ಯೂಟರಿನಲ್ಲಿ ಬಂದರು. ಈ ಸಲ ನನ್ನನ್ನೂ ಕೂರಿಸಿದಳು. ಮೇಷ್ಟ್ರು ಏನೋ ಕೇಳಿದರು.

"ಅವತ್ತು ನೀನ್ ಯಾಕೆ ನಗ್ಲಿಲ್ಲ ಅಂತ ಕೇಳ್ತಿದಾರೆ," ಅಂದಳು ಹುಡುಗಿ.

"ಯಾರೂ ನನ್ನನ್ನ ಕೆಲಸಕ್ಕೆ ಇಟ್ಕೊಂಡಿರ್ಲಿಲ್ಲ ಅನ್ನು."

ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದು ನಕ್ಕರು. ಹೇಳಿದ ಕೂಡಲೇ ನಕ್ಕರೋ, ಉಸಿರು ಬಿಟ್ಟು ನಕ್ಕರೋ ನಾನು ಗಮನಿಸಲಿಲ್ಲ.

ಪಾಸಾದಳು. ಕಾಗದ ಬಂದ ದಿನ ಮಗಳು ದೇವರ ಮುಂದೆ ದೀಪ ಹಚ್ಚಿ, ಶ್ಯಾವಿಗೆ ಪಾಯಸಕ್ಕೆ ಹಾಲು ಇಟ್ಟಳು. ಹುಡುಗಿ ಮಾತ್ರ ಕಂಪ್ಯೂಟರಿನ ಮುಂದೆ ಹುಬ್ಬು ಗಂಟಿಕ್ಕಿಕೊಂಡು ಕುಟುಕುಟು ಟೈಪ್ ಮಾಡುತ್ತಿದ್ದಳು.

"ಈಗೇನು ಬರೀತಿದೀಯೇ? ಮುಗೀತಲ್ಲ."

"ಸರ್‌ಗೆ ಮೇಲ್. ತುಂಬಾ ಕಮ್ಮಿ ಮಾರ್ಕ್ಸ್ ಕೊಟ್ಟಿದಾರೆ, ಅಜ್ಜಿ. ನಾಟ್ ಫೇರ್. ಟೋಪಿ ಪಾಯಿಂಟ್ ಅವರು ಸರಿಯಾಗಿ ಓದೇ ಇ‌ಲ್ಲ. ಎರಡು ಪೇಜ್ ಬರ್ದಿದೀನಿ, ಇನ್ನೊಂದು ಬರೀಬೇಕು."

ಕಾಲೇಜು ಬಿಡುತ್ತೇನೆ ಅಂದವಳು ಈಗ ಅರ್ಧ ಮಾರ್ಕಿಗೆ ಜಗಳ ಕಾಯುತ್ತಿದ್ದಳು. ನಾನು ಮಗಳ ಹತ್ತಿರ ಹೋಗಿ, ಪಾಯಸ ಆರಲಿ, ಅವಳನ್ನು ಈಗ ಕರೆಯಬೇಡ ಅಂದೆ.